ನಾಳೆ ಚಾಕಿ ಬರುತ್ತೆ

"ಹೊರಗೆ ನಡೀರಿ! ಮೊದ್ಲು ಹೊರಗೆ ನಡೀರಿ ಅಂದೆ!"

ಶ್ರೀವಾಣಿ ಬೆಚ್ಚಿಬಿದ್ದಳು. ಒಂದು ಕಾಲು ಹೊಸಿಲ ಒಳಗೆ, ಇನ್ನೊಂದು ಕಾಲು ಹೊರಗೆ. ಎದೆಗವಚಿಕೊಂಡಿದ್ದ ಫೈಲು ಜಾರಿ ಕೆಳಗೆ ಬಿತ್ತು. ಕಾಗದಗಳೆಲ್ಲ ಅಂಗಳದ ತುಂಬ ಹರಡಿದವು.

ಎದುರಿಗೆ ನಿಂತಿದ್ದವನ ಎರಡೂ ಕೈ ತುಂಬ ಹಿಪ್ಪುನೇರಳೆ ಸೊಪ್ಪು. ತಲೆಗೆ ಟವೆಲ್ಲು. ಕಣ್ಣು ಮಾತ್ರ ಕೆಂಡ.

"ಕೈಗೆ ಏನು ಹಚ್ಕೊಂಡಿದೀರಿ?"

"ಸೊಳ್ಳೆ... ಸೊಳ್ಳೆ ಮುಲಾಮು."

"ಸೆಂಟೂ ಹಾಕಿದೀರಾ?"

"ಸ್ವಲ್ಪ..."

"ಒಳಗೆ ರೇಷ್ಮೆ ಹುಳ ಪೊರೆ ಬಿಡೋಕೆ ಮೂರನೇ ಜ್ವರಕ್ಕೆ ಕೂತವೆ ಕಣ್ರೀ! ನಿಮ್ಮ ಮುಲಾಮಿನ ಗಾಳಿ ತಾಕಿದ್ರೆ ಸಾಕು, ಅಷ್ಟೂ ಜೀವ ಬಾಯಲ್ಲಿ ಹಸಿರು ಕಕ್ಕೊಂಡು ಸಾಯ್ತವೆ!"

ಹಿಂದಿನಿಂದ ಆಶಾ ಕಾರ್ಯಕರ್ತೆ ಸುನಂದ ಏದುಸಿರು ಬಿಡುತ್ತಾ ಓಡಿಬಂದಳು.

"ಅಯ್ಯೋ ವೆಂಕಟಣ್ಣಾ, ಬಯ್ಬೇಡ. ಇವ್ರು ಬೆಂಗಳೂರಿಂದ ಬಂದಿರೋ ಡಾಕ್ಟ್ರು."

"ಡಾಕ್ಟ್ರಾದ್ರೆ ಇನ್ನೂ ಚೆನ್ನಾಗಿ ಗೊತ್ತಿರ್ಬೇಕು."

"ಸೂಜಿ ಹಾಕೋ ಡಾಕ್ಟ್ರಲ್ಲಣ್ಣಾ. ಗಂಡ ಹೆಂಡ್ತೀರು ಹೆಂಗವ್ರೆ ಅಂತ ಕೇಳಿ ಬರ್ಕೊಳ್ಳೋ ಡಾಕ್ಟ್ರು. ನಿಮ್ಮಪ್ಪ ನಿಮ್ಮಮ್ಮನ ಹೆಸ್ರು ಪಟ್ಟೀಲೈತೆ."

ವೆಂಕಟ್ ಕೈಲಿದ್ದ ಸೊಪ್ಪು ಬುಟ್ಟಿಗೆ ಹಾಕಿದ. ಅಂಗಳದಲ್ಲಿ ಬಿದ್ದಿದ್ದ ಕಾಗದ ನೋಡಿದ. ಮೇಲಿನ ಹಾಳೆಯಲ್ಲಿ ದಪ್ಪಕ್ಷರದಲ್ಲಿ 'ದಾಂಪತ್ಯದಲ್ಲಿ ಸಾಮೀಪ್ಯ' ಎಂದಿತ್ತು. ಅವನ ಕಿವಿ ಕೆಂಪಾಯಿತು.

"ಅದನ್ನ ಕೇಳೋಕೆ ಹುಳದ ಮನೆಗ್ಯಾಕೆ ಬಂದ್ರು?" ಎಂದು ಗೊಣಗಿ ಒಳಗೆ ಹೋದ.

ಶ್ರೀವಾಣಿಗೆ ಅಳು ಬರುವ ಹಾಗಾಯಿತು. ಮೂವತ್ತಮೂರು ವರ್ಷದಲ್ಲಿ ಅಪ್ಪ ಕೂಡ ಅವಳನ್ನು ಹೀಗೆ ಗದರಿರಲಿಲ್ಲ. ಬಗ್ಗಿ ಕಾಗದ ಆಯುತ್ತಿದ್ದಾಗ ಪಕ್ಕದಲ್ಲಿ ಒಂದು ಚೊಂಬು ಬಂದು ಕೂತಿತು. ಜೊತೆಗೆ ಸೋಪು.

"ಕೈ ತೊಳ್ಕೊಳ್ಳಿ," ಎಂದ ವೆಂಕಟ್. ದನಿ ಈಗ ಬೇರೆಯೇ ಆಗಿತ್ತು. "ಕೆಟ್ಟದಾಗಿ ಕೂಗ್ಬಿಟ್ಟೆ. ಮನಸ್ಸಿಗೆ ತಗೋಬೇಡಿ."

ಅವನೇ ನೀರು ಹುಯ್ದ. ಅವಳು ಕೈ ಒಡ್ಡಿದಳು. ಬಾವಿಯ ತಣ್ಣೀರು ಬೆರಳ ಸಂದಿಯಲ್ಲಿ ಇಳಿಯುತ್ತಿತ್ತು. ಅವನು ಒಂದೇ ಒಂದು ಸಲ ತಲೆ ಎತ್ತಿ ನೋಡಿದ.

ಏನು ಮನುಷ್ಯ ಇವನು? ಒಂದು ಗಳಿಗೆಯ ಹಿಂದೆ ಓಡಿಸಿದವನೇ ಈಗ ನೀರು ಹುಯ್ತಾನಲ್ಲ!

ಅವತ್ತು ಶುರುವಾದ ಗೊಂದಲ ಅದು.

*

ಶ್ರೀವಾಣಿ ಮುಳಬಾಗಿಲಿನ ಹುಡುಗಿ. ಅಪ್ಪ ಕೃಷ್ಣಮೂರ್ತಿ ಲೆಕ್ಕಪತ್ರದ ಕೆಲಸ ಮಾಡಿ ನಿವೃತ್ತರಾದವರು. ಅಮ್ಮ ತುಳಸಮ್ಮ. ಮಗಳು ಬೆಂಗಳೂರಿನ ಒಂದು ವಿಶ್ವವಿದ್ಯಾಲಯದಲ್ಲಿ ಸಮಾಜ ಮನಶ್ಶಾಸ್ತ್ರ ಕಲಿಸುತ್ತಾಳೆ ಅಂತ ಹೇಳಿಕೊಳ್ಳಲು ಇಬ್ಬರಿಗೂ ಹೆಮ್ಮೆ. ಏನು ಸಂಶೋಧನೆ ಅಂತ ಯಾರಾದರೂ ಕೇಳಿದರೆ ಮಾತ್ರ ಅಪ್ಪ, "ಅದೇ... ಮಕ್ಕಳ ಮನಸ್ಸಿನ ಬಗ್ಗೆ," ಎಂದು ಮಾತು ತಿರುಗಿಸುತ್ತಿದ್ದರು.

ಅವಳ ಸಂಶೋಧನೆ ಮಕ್ಕಳ ಮೇಲಲ್ಲ. ಗಂಡು ಹೆಣ್ಣಿನ ಆಸೆ, ಸಂಕೋಚ, ಹಾಸಿಗೆ, ಮುನಿಸು, ಮಾತಿಲ್ಲದ ರಾತ್ರಿಗಳು... ನಾಲ್ಕು ಜನರ ಮುಂದೆ ಯಾರೂ ಆಡದ ಮಾತುಗಳನ್ನು ಅವಳು ಕೂತು ಕೇಳಿ, ಬರೆದುಕೊಂಡು, ಅದರಲ್ಲಿ ಅರ್ಥ ಹುಡುಕುತ್ತಿದ್ದಳು.

ಅದರಿಂದಲೇ ಮೂರು ಸಂಬಂಧ ಮುರಿದುಬಿದ್ದವು. ಕೊನೆಯ ಹುಡುಗನಂತೂ ಕಾಫಿ ಲೋಟ ಕೆಳಗಿಟ್ಟು, "ಇಂಥದ್ದೆಲ್ಲ ಬೇರೆಯವರ ಹತ್ರ ಕೇಳ್ತೀರಾ? ನಿಮಗೆ ನಾಚ್ಕೆ ಆಗಲ್ವಾ?" ಎಂದಿದ್ದ.

"ಆಗುತ್ತೆ. ಆದ್ರೂ ಕೇಳ್ತೀನಿ," ಎಂದಿದ್ದಳು ಅವಳು. ಅಲ್ಲಿಗೆ ಆ ಮಾತೂ ಮುಗಿಯಿತು.

ಎರಡು ವರ್ಷದ ಹಿಂದೆ ಅವಳು ಬರೆದ ಒಂದು ಲೇಖನ ದೊಡ್ಡ ಹೆಸರು ತಂದಿತ್ತು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಇನ್ನೂರು ಮನೆಗಳಿಗೆ ವಿದ್ಯಾರ್ಥಿಗಳನ್ನು ಕಳಿಸಿ, ಪ್ರಶ್ನೆಪಟ್ಟಿ ತುಂಬಿಸಿ, ತಾನು ಬೆಂಗಳೂರಿನಲ್ಲೇ ಕೂತು ಲೆಕ್ಕ ಹಾಕಿ ಬರೆದದ್ದು. ಮಾವು ಬೆಳೆಯುವ ಊರುಗಳಲ್ಲಿ ಗಂಡ ಹೆಂಡತಿ ಹತ್ತಿರವಾಗಿದ್ದಾರೆ, ರೇಷ್ಮೆ ಬೆಳೆಯುವ ಊರುಗಳಲ್ಲಿ ತಿಂಗಳಲ್ಲಿ ಹೆಚ್ಚು ದಿನ ಬೇರೆ ಮಲಗುತ್ತಾರೆ, ಅಲ್ಲಿ ಸಾಮೀಪ್ಯ ಬತ್ತಿಹೋಗಿದೆ... ಹೀಗಂತ ಬರೆದಿದ್ದಳು.

ಆ ಲೇಖನ ನೋಡಿಯೇ ಹೈದರಾಬಾದಿನ ಒಂದು ವಿಶ್ವವಿದ್ಯಾಲಯ ದೊಡ್ಡ ಹುದ್ದೆಯ ಸಂದರ್ಶನಕ್ಕೆ ಕರೆದಿತ್ತು. ಅಲ್ಲಿ ಅವಳದೇ ಒಂದು ವಿಭಾಗ. ಏಳು ವರ್ಷದ ಕನಸು. ಹೋಗುವ ಮೊದಲು ಅದೇ ಮನೆಗಳಲ್ಲಿ ಕೆಲವನ್ನಾದರೂ ತಾನೇ ನೋಡಿ ಬರೋಣ ಅಂತ ಹೊರಟವಳು, ಮಾಲೂರು ಶ್ರೀನಿವಾಸಪುರ ಮುಗಿಸಿ, ಕೊನೆಗೆ ಕೋಲಾರ ತಾಲ್ಲೂಕಿನ ಸುಗಟೂರಿಗೆ ಬಂದಿದ್ದಳು.

ಅಲ್ಲಿನ ಪಟ್ಟಿಯಲ್ಲಿ ಮೊದಲ ಹೆಸರು ಚನ್ನರಾಯಪ್ಪ, ಅಶ್ವತ್ಥಮ್ಮ. ವೆಂಕಟ್‌ನ ಅಪ್ಪ ಅಮ್ಮ.

"ಈಗಾಗಲ್ಲ ತಾಯಿ, ಹುಳ ಇಟ್ಟಿದೀವಿ," ಎಂದಳು ಅಶ್ವತ್ಥಮ್ಮ. "ಇನ್ನೊಂದು ದಿನ ಪುರುಸೊತ್ತಾಗಿ ಬಾ, ಕೂತ್ಕೊಂಡು ಮಾತಾಡಣ."

ಅವಳು ಊರಿನ ಬೇರೆ ಮನೆಗಳಿಗೆ ಹೋದಳು. ಆಮೇಲೆ ಎರಡು ವಾರ ವೆಂಕಟ್ ಎಲ್ಲೂ ಕಾಣಲಿಲ್ಲ. ಅವಳೂ ಹುಡುಕಲಿಲ್ಲ. ಹುಡುಕಲಿಲ್ಲ ಅಂತ ತನಗೆ ತಾನೇ ಹೇಳಿಕೊಂಡಳು.

*

ಆ ಬೆಳೆ ಮುಗಿದು, ಹುಳದ ಮನೆ ತೊಳೆದು, ಸುಣ್ಣ ಹೊಡೆದು ಒಣಗಲು ಬಿಟ್ಟ ಮೂರು ವಾರ ವೆಂಕಟ್ ಬೇರೆಯೇ ಮನುಷ್ಯ.

ಸುನಂದಳ ಗಾಡಿ ಕೆಟ್ಟ ದಿನ, "ಹೋಳೂರಿಗೆ ತಾನೇ? ನಡೀರಿ, ದಾರಿ ತೋರಿಸ್ತೀನಿ," ಎಂದು ತಾನೇ ಬೈಕು ತೆಗೆದ. ಅವನು ಮುಂದೆ, ಸ್ಕೂಟಿಯಲ್ಲಿ ಅವಳು ಹಿಂದೆ. ಮಾರನೇ ದಿನ ಸುನಂದಳ ಗಾಡಿ ಸರಿಯಾಯಿತು. ಆದರೂ ಅವನೇ ಬಂದ.

"ಮೇಡಂ, ನನ್ನ ಗಾಡಿ ಇನ್ನೂ ಎಷ್ಟು ದಿನ ಕೆಟ್ಟಿರ್ಬೇಕು? ಒಂದ್ ಮಾತು ಹೇಳ್ಬಿಡಿ, ಹಂಗೇ ನಿಲ್ಲಿಸ್ಬಿಡ್ತೀನಿ!" ಎಂದು ಸುನಂದ ಕಿಸಕ್ಕನೆ ನಕ್ಕಳು.

ವೆಂಕಟ್ ಕೋಲಾರದಲ್ಲಿ ಡಿಗ್ರಿ ಮಾಡಿ ಮನೆಗೆ ಬಂದವನು. ಮೂವತ್ತಾರು ವರ್ಷ. ಮದುವೆ ಯಾಕಾಗಿಲ್ಲ ಅಂತ ಅವಳು ಕೇಳಲಿಲ್ಲ. ಅವನೇ ಹೇಳಿದ.

"ಏಳು ಮನೆಗೆ ಹೆಣ್ಣು ನೋಡೋಕೆ ಹೋದೆ ಮೇಡಂ. ಎಲ್ರೂ ಉಪ್ಪಿಟ್ಟು ಚೆನ್ನಾಗೇ ಕೊಟ್ರು. ಹುಳ ಸಾಕ್ತೀವಿ ಅಂದ ತಕ್ಷಣ ಹುಡ್ಗೀರು ಮೂಗು ಮುಚ್ಕೊಂಡ್ರು."

"ನನ್ನ ನೋಡೋಕೆ ಬಂದವರಿಗೆ ನಮ್ಮಮ್ಮ ಚಿರೋಟಿ ಮಾಡಿದ್ರು. ಅವರೂ ಚೆನ್ನಾಗೇ ತಿಂದ್ರು," ಎಂದಳು ಶ್ರೀವಾಣಿ. "ಆಮೇಲೆ ಅವರು ಮುಚ್ಕೊಂಡಿದ್ದು ಕಿವಿ."

ಇಬ್ಬರೂ ನಕ್ಕರು.

ಅವಳ ಕೆಲಸದ ಬಗ್ಗೆ ಅವನು ಒಮ್ಮೆಯೂ ಮುಸಿಮುಸಿ ನಗಲಿಲ್ಲ. ಒಂದು ದಿನ ಮಾತ್ರ ಕೇಳಿದ, "ಜನ ನಿಜ ಹೇಳ್ತಾರಾ ನಿಮಗೆ?"

"ಕೇಳಿದ್ದಕ್ಕೆ ನಿಜಾನೇ ಹೇಳ್ತಾರೆ."

"ಕೇಳ್ದೇ ಇರೋದು?"

ಅವಳು ಸ್ಕೂಟಿಯ ಕೀಲಿ ತಿರುಗಿಸಿದಳು.

ಒಂದು ಗುರುವಾರ ಮುಳಬಾಗಿಲಿನ ಮನೆಗೆ ಹೊರಟವಳ ಜೊತೆ ಅವನೂ ಅಲ್ಲಿಗೆ ಹತ್ತಿರದ ಕುರುಡುಮಲೆಗೆ ಬಂದ. ಗುಡಿಯಲ್ಲಿ ಆಳೆತ್ತರ ಮೀರಿದ ಗಣಪನ ಮುಂದೆ ಇಬ್ಬರೂ ಕೈ ಮುಗಿದು, ಹೊರಗೆ ಕಲ್ಲುಕಟ್ಟೆಯ ಮೇಲೆ ಕೂತರು. ಬಿಸಿಲು ಇಳಿಯುತ್ತಿತ್ತು.

"ವೆಂಕಟ್ ಅವರೇ... ಹೈದರಾಬಾದಿನ ಸಂದರ್ಶನಕ್ಕೆ ಇನ್ನು ಮೂರು ವಾರ. ಸಿಕ್ಕಿದ್ರೆ ಅಲ್ಲೇ ಇದ್ದುಬಿಡ್ಬೇಕು."

"ಹೂಂ."

"ನಾನು... ಹೋಗ್ಲಾ? ಬೇಡ್ವಾ?"

ಕೇಳಿಬಿಟ್ಟಳು! ಇದಕ್ಕಿಂತ ಬಿಡಿಸಿ ಒಂದು ಹೆಣ್ಣು ಹೇಗೆ ಕೇಳಬೇಕು?

ಅವನು ಅವಳ ಮುಖವನ್ನೇ ನೋಡಿದ. ತುಟಿ ಅಲುಗಿತು. ಆಮೇಲೆ ದೃಷ್ಟಿ ಕೆಳಗಿಳಿಸಿ, ಮೆತ್ತಗೆ ಹೇಳಿದ.

"ನಾಳೆ ಚಾಕಿ ಬರುತ್ತೆ."

"ಏನು?"

"ಚಾಕಿ. ಮರಿ ಹುಳ. ನಾಳೆ ಬೆಳಿಗ್ಗೆ ತರ್ತೀವಿ."

ಅಷ್ಟೇ. ಎದ್ದು ಬೈಕಿನ ಕಡೆ ನಡೆದ. ಹೋಗುವಾಗ ಒಮ್ಮೆ ತಿರುಗಿ ನೋಡಿ ನಕ್ಕ. ಎಲ್ಲವನ್ನೂ ಹೇಳಿ ಮುಗಿಸಿದವನ ಹಾಗೆ ನಕ್ಕ!

ಶ್ರೀವಾಣಿ ಕಟ್ಟೆಯ ಮೇಲೆ ಹಾಗೇ ಕೂತಿದ್ದಳು. ನಾನು ನನ್ನ ಜೀವನದ ಮಾತು ಕೇಳಿದ್ರೆ, ಈ ಮನುಷ್ಯ ಹುಳದ ಮಾತಾಡ್ತಾನಲ್ಲ! ಬೇಡ ಅನ್ನೋದನ್ನ ನಯವಾಗಿ ಹೇಳಿದ್ನಾ? ಹಾಗಾದ್ರೆ ಆ ನಗು ಯಾಕೆ?

*

ಆಮೇಲೆ ಅವನು ದೂರವಾಗುತ್ತಾ ಹೋದ.

ಮೊದಲ ಹತ್ತು ದಿನ ಫೋನಿನಲ್ಲಿ ಎರಡೆರಡು ಮಾತು. "ಊಟ ಆಯ್ತಾ?" "ಆಯ್ತು." "ಸೊಪ್ಪು ಹಾಕ್ಬೇಕು, ಇಡ್ಲಾ?" ಅಷ್ಟೇ. ಆಮೇಲೆ ಅದೂ ಇಲ್ಲ. ಅವನ ಫೋನಿಗೆ ಮಾಡಿದರೆ ಅಶ್ವತ್ಥಮ್ಮನ ದನಿ.

"ಅವನು ಹುಳದ ಮನೇಲವ್ನೆ ಕಣಮ್ಮ."

"ಹೊರಗೆ ಬಂದಾಗ ಹೇಳ್ತೀರಾ?"

"ಬರಲ್ಲ ತಾಯಿ. ನಾಲ್ಕನೇ ಜ್ವರ ಎದ್ದೈತಲ್ಲ."

ಇದೊಂದು ನೆಪ! ಎಂದುಕೊಂಡಳು ಶ್ರೀವಾಣಿ.

ತಡೆಯಲಾರದೆ ಒಂದು ಮಧ್ಯಾಹ್ನ ತಾನೇ ಹೋದಳು. ನೊಣ ಬರದಿರಲೆಂದು ಬಾಗಿಲಿಗೆ ಕಟ್ಟಿದ್ದ ಬಲೆಯ ಆಚೆ ಅವನು ನಿಂತಿದ್ದ. ಗಡ್ಡ ಬಂದಿತ್ತು, ಕಣ್ಣಿಗೆ ನಿದ್ದೆ ಇರಲಿಲ್ಲ. ಒಳಗಿನಿಂದ ಸಾವಿರಾರು ಹುಳ ಸೊಪ್ಪು ತಿನ್ನುವ ಸದ್ದು, ಸೋನೆ ಮಳೆ ಬಿದ್ದ ಹಾಗೆ.

"ವೆಂಕಟ್..."

ಅವನು ಬಾಯಿ ತೆರೆಯಲಿಲ್ಲ. ಕೈ ಎತ್ತಿ, ಹೋಗಿ ಎಂದು ಸನ್ನೆ ಮಾಡಿದ. ಆಮೇಲೆ ಬೆನ್ನು ತಿರುಗಿಸಿದ.

ಅವಳಿಗೆ ಭೂಮಿ ಬಿರಿದ ಹಾಗಾಯಿತು.

ಕೋಲಾರದ ಬಾಡಿಗೆ ಕೋಣೆಗೆ ಬಂದು, ತಾನೇ ತಯಾರಿಸಿದ ಪ್ರಶ್ನೆಪಟ್ಟಿ ತೆಗೆದು ಮುಂದಿಟ್ಟುಕೊಂಡಳು. ಮಾತು ತಪ್ಪಿಸುತ್ತಾರೆಯೇ? ಹೌದು. ಕಣ್ಣು ತಪ್ಪಿಸುತ್ತಾರೆಯೇ? ಹೌದು. ದೂರ ನಿಲ್ಲುತ್ತಾರೆಯೇ? ಹೌದು, ಹೌದು, ಹೌದು! ಇಪ್ಪತ್ತಕ್ಕೆ ಎರಡು ಅಂಕ ಬಂತು. ಬೇರೆ ಯಾರಿಗಾದರೂ ಇಷ್ಟು ಬಂದಿದ್ದರೆ 'ಒಲವು ಇಲ್ಲ' ಎಂದು ಕಣ್ಣು ಮುಚ್ಚಿ ಬರೆಯುತ್ತಿದ್ದಳು.

ನೂರಾರು ಮನೆಯ ಒಳಗುಟ್ಟು ಓದಿದವಳು ನಾನು. ಒಬ್ಬ ಗಂಡಸಿನ ಮನಸ್ಸು ಓದೋಕೆ ಆಗ್ಲಿಲ್ವಲ್ಲಾ... ಎಂದು ತಲೆದಿಂಬಿಗೆ ಮುಖ ಒತ್ತಿ ಅತ್ತಳು.

ಆ ದಿನಗಳಲ್ಲಿ ಒಂದೇ ಒಂದು ಸಣ್ಣ ಸಮಾಧಾನ. ಉಳಿದ ಮನೆಗಳನ್ನು ಮುಗಿಸಿ ಹಾಲಿನ ಡೇರಿಯ ಮುಂದೆ ಹೊಂಗೆಮರದ ಕೆಳಗೆ ನಿಲ್ಲಿಸಿದ ಸ್ಕೂಟಿಯ ಹತ್ತಿರ ಬಂದರೆ, ಸೀಟಿನ ಮೇಲೆ ಎಲೆಯಲ್ಲಿ ಸುತ್ತಿದ ಕಪ್ಪನೆ ಹಿಪ್ಪುನೇರಳೆ ಹಣ್ಣು ಇರುತ್ತಿತ್ತು. ಎರಡು ಎಲೆ, ತೊಟ್ಟು ಒಳಗೆ ಸಿಕ್ಕಿಸಿದ ಪುಟ್ಟ ಪೊಟ್ಟಣ. ಶಾಲೆ ಮಕ್ಕಳಿರಬೇಕು ಎಂದುಕೊಂಡು ಅಲ್ಲೇ ನಿಂತು ತಿನ್ನುತ್ತಿದ್ದಳು. ನಾಲಿಗೆ ನೇರಳೆ ಬಣ್ಣವಾಗುತ್ತಿತ್ತು. ಕಣ್ಣಲ್ಲಿ ಮಾತ್ರ ನೀರು.

*

ನಾಳೆ ಹೈದರಾಬಾದಿಗೆ ಹೊರಡಬೇಕು. ನಾಳಿದ್ದು ಸಂದರ್ಶನ.

ಪಟ್ಟಿಯಲ್ಲಿ ಉಳಿದದ್ದು ಒಂದೇ ಮನೆ. ಹೋಗದೆ ಬಿಡೋಣ ಅನ್ನಿಸಿತು. ಆದರೆ ಒಪ್ಪಿಕೊಂಡ ಕೆಲಸ. ಬೆಳಿಗ್ಗೆ ಹತ್ತಕ್ಕೆ ಚನ್ನರಾಯಪ್ಪನ ಜಗಲಿಯ ಮೇಲೆ ಚಾಪೆ ಹಾಸಿ ಕೂತಳು. ಹುಳದ ಮನೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

ಅಶ್ವತ್ಥಮ್ಮ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ಗಂಡ ಕಂಬಕ್ಕೆ ಒರಗಿದ್ದ.

"ಕಳೆದ ಬೆಳೇಲಿ... ನೀವಿಬ್ಬರೂ ಎಷ್ಟು ದಿನ ಬೇರೆ ಬೇರೆ ಮಲಗಿದ್ರಿ?" ಶ್ರೀವಾಣಿ ಹಾಳೆ ನೋಡಿಕೊಂಡೇ ಕೇಳಿದಳು.

"ಹದಿನೆಂಟು ದಿನ," ಎಂದಳು ಅಶ್ವತ್ಥಮ್ಮ ಕಾಯಿಯಿಂದ ಕಣ್ಣು ತೆಗೆಯದೆ. "ಅದ್ರಲ್ಲಿ ಕೊನೇ ಎಂಟು ದಿನ ಮಾತೂ ಇಲ್ಲ."

ಶ್ರೀವಾಣಿ ಹದಿನೆಂಟು ಎಂದು ಬರೆದಳು. ಮುಂದಿನ ಪ್ರಶ್ನೆಗೆ ಹೋಗಬೇಕು. ಪೆನ್ನು ನಿಂತಿತು. ಪಟ್ಟಿಯಲ್ಲಿ ಇಲ್ಲದ ಒಂದು ಮಾತು ಬಾಯಿಗೆ ಬಂತು.

"ಯಾಕಮ್ಮ?"

ಮುದುಕಿ ತಲೆ ಎತ್ತಿದಳು. "ಯಾಕೆ ಅಂದ್ರೆ? ಹುಳ ಇಟ್ಟಾಗ ಮನೆ ಗಂಡಸು ಒಬ್ಬ ಹುಳದ ಮನೇಲೇ ಮಲಗ್ಬೇಕು. ಹೋದ ಬೆಳೆಗಂಟ ಇವ್ರು ಮಲಗ್ತಿದ್ರು, ಈ ಬೆಳೆಗೆ ಮಗ. ನಾಲ್ಕನೇ ಜ್ವರ ಎದ್ಮೇಲೆ ಹೆಂಗಸಿನ ಜೊತೆ ಮಾತಿಲ್ಲ, ನೆರಳು ಸೋಕಂಗಿಲ್ಲ. ಎರಡು ಆಸೆ ಒಟ್ಟಿಗೆ ಇಟ್ಕೊಂಡ್ರೆ ಹುಳ ಮುನಿಸ್ಕೊಳ್ತದೆ ಅಂತ ನಮ್ಮತ್ತೆ ಹೇಳ್ತಿದ್ರು. ಹುಳ ಹಣ್ಣಾಗಿ ಗೂಡು ಕಟ್ಟೋಕೆ ಹೊರಡೋ ದಿನ ಬಾಯಿ ಬಿಡೋದು. ಹೋದ ಸಲ ಬಂದಿದ್ದ ಹುಡ್ಗೀರು ಎಷ್ಟು ದಿನ ಅಂತ ಕೇಳಿದ್ರು, ಹೇಳ್ದೆ. ಯಾಕೆ ಅಂತ ಕೇಳ್ಲಿಲ್ಲ, ಹೇಳ್ಲಿಲ್ಲ."

ಶ್ರೀವಾಣಿ ಪೆನ್ನು ಕೆಳಗಿಟ್ಟಳು.

"ನಿಮಗೆ... ಬೇಜಾರಾಗ್ತಿರ್ಲಿಲ್ವಾ?"

"ಹೊಸದಾಗಿ ಬಂದಾಗ ಅತ್ತಿದ್ದೆ ಕಣಮ್ಮ. ಹದಿನೆಂಟು ವರ್ಷದೋಳು. ಇದ್ಯಾವ ಮನೆಗೆ ಕೊಟ್ಟುಬಿಟ್ರು, ಗಂಡ ಮುಖಾನೇ ನೋಡಲ್ಲ ಅಂತ." ಅವಳು ಗಂಡನ ಕಡೆ ನೋಡಿ ನಕ್ಕಳು. ಮುಖದ ಸುಕ್ಕೆಲ್ಲ ಬೆಳಗಿತು. "ಮಾರನೇ ಬೆಳಿಗ್ಗೆ ಎದ್ದು ಬಂದ್ರೆ, ಅಡುಗೆಮನೆ ಕಿಟಕೀಲಿ ಎಲೇಲಿ ಸುತ್ತಿದ ಹಿಪ್ಪುನೇರಳೆ ಹಣ್ಣು! ಬಾವಿ ಹತ್ರ ಒಂದು ಹಳೇ ಮರ ಬಿಟ್ಟಿದೀವಲ್ಲ, ಅದ್ರದ್ದು. ನಲವತ್ತೆರಡು ವರ್ಷ ಆಯ್ತು. ಹಣ್ಣಿಲ್ದಿದ್ರೆ ಚಿಗುರು, ಚಿಗುರಿಲ್ದಿದ್ರೆ ಒಂದು ಹೂವು. ಒಂದು ಬೆಳೇನೂ ತಪ್ಪಿಲ್ಲ."

"ಏ, ಸುಮ್ನಿರೇ. ಅದನ್ನೂ ಬರ್ಕೋತಾರೆ," ಎಂದು ಚನ್ನರಾಯಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಅರವತ್ತೈದು ದಾಟಿದವನ ಕಿವಿ ಮಗನ ಹಾಗೇ ಕೆಂಪಾಗಿತ್ತು.

"ಎಲೆ... ಹೇಗೆ ಸುತ್ತಿರ್ತಿದ್ರು?"

"ಎರಡು ಎಲೆ. ತೊಟ್ಟು ಒಳಗೆ ಸಿಕ್ಕಿಸಿ."

ಹೊಂಗೆಮರ... ಸ್ಕೂಟಿಯ ಸೀಟು... ಎಂಟು ದಿನ! ದೇವರೇ, ಎಂಟು ದಿನವೂ ನಾನು ಅದನ್ನ ತಿಂದೆನಲ್ಲಾ! ಅಳುತ್ತಾ ತಿಂದೆನಲ್ಲಾ!

"ಅಮ್ಮಾ... ಒಬ್ಬ ಹುಡುಗಿ, ನಾನು ಊರು ಬಿಟ್ಟು ಹೋಗ್ಲಾ ಬೇಡ್ವಾ ಅಂತ ಕೇಳಿದ್ರೆ... ನಾಳೆ ಚಾಕಿ ಬರುತ್ತೆ ಅಂದ್ರೆ ಏನರ್ಥ?"

ಅಶ್ವತ್ಥಮ್ಮ ಅವರೆಕಾಯಿ ಮೊರ ಪಕ್ಕಕ್ಕಿಟ್ಟಳು. ಅವಳ ಮುಖವನ್ನೇ ದಿಟ್ಟಿಸಿದಳು.

"ನಮ್ಮ ಹುಡ್ಗ ಅಂಗಂದ್ನಾ? ಏನೇ ಹುಡ್ಗಿ, ಇನ್ನೇನು ಹೇಳ್ಬೇಕಿತ್ತು ನಿಂಗೆ! ಬೆಳೆ ಶುರುವಾಗ್ತೈತೆ, ಅದು ಮುಗಿಯೋಗಂಟ ಹೆಣ್ಣು ಕೇಳೋ ಮಾತು ಆಡಂಗಿಲ್ಲ, ಕಾಯಿ ಅಂದ! ಸುಗಟೂರಲ್ಲಿ ಸಣ್ಣ ಮಗೂಗೂ ಗೊತ್ತು."

"ನನಗೆ ಗೊತ್ತಿಲ್ವಲ್ಲಮ್ಮಾ..."

"ಡಾಕ್ಟ್ರು ಓದಿದೀಯಲ್ಲ ಅನ್ಕೊಂಡಿರ್ತಾನೆ ಪಾಪ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ ಶ್ರೀವಾಣಿಗೆ. ತೊಡೆಯ ಮೇಲಿದ್ದ ಹಾಳೆಯಲ್ಲಿ 'ಹದಿನೆಂಟು' ಎಂಬ ಅಂಕಿ ಅವಳನ್ನೇ ನೋಡುತ್ತಿತ್ತು. ಎಂಬತ್ತಾರು ರೇಷ್ಮೆ ಮನೆಗಳ ಹಾಳೆಯಲ್ಲಿ ಇಂಥವೇ ಅಂಕಿಗಳು. ಅಲ್ಲೆಲ್ಲ ಸಾಮೀಪ್ಯ ಬತ್ತಿದೆ ಎಂದು ಬರೆದು ಕೀರ್ತಿ ಪಡೆದಳು. ಆ ಎಂಬತ್ತಾರು ಮನೆಗಳ ಕಿಟಕಿಯಲ್ಲಿ ಏನೇನಿತ್ತೋ! ಒಬ್ಬರೂ ಕೇಳಲಿಲ್ಲ. ಅವಳೂ ಕೇಳಲಿಲ್ಲ.

ಅಷ್ಟರಲ್ಲಿ ಹುಳದ ಮನೆಯಿಂದ ಕೂಗು ಕೇಳಿತು.

"ಅಮ್ಮೋ! ಹಣ್ಣಾಯ್ತು! ಎಲ್ರೂ ಬನ್ನಿ!"

ಎಂಟು ದಿನದ ಮೇಲೆ ಕೇಳಿದ ಅವನ ದನಿ.

*

ಹಣ್ಣಾದ ಹುಳ ಕಾಯುವುದಿಲ್ಲ. ಮೇವು ಬಿಟ್ಟು, ತಲೆ ಎತ್ತಿ, ಗೂಡು ಕಟ್ಟಲು ಜಾಗ ಹುಡುಕುತ್ತದೆ. ಒಂದೊಂದನ್ನೂ ಆಯ್ದು ಚಂದ್ರಿಕೆಗೆ, ಅಂದರೆ ಸುರುಳಿ ಸುತ್ತಿದ ಬಿದಿರ ತಟ್ಟಿಗೆ, ಬಿಡಬೇಕು. ಆವತ್ತು ಮನೆಯ ಹೆಂಗಸರು, ನೆಂಟರು, ಅಕ್ಕಪಕ್ಕದವರು ಎಲ್ಲರ ಕೈಯೂ ಬೇಕು.

ಬಲೆ ಸರಿಸಿ ವೆಂಕಟ್ ಹೊಸಿಲ ಹತ್ತಿರ ಬಂದ. ಅಂಗಳದಲ್ಲಿ ನಿಂತ ಶ್ರೀವಾಣಿಯನ್ನು ನೋಡಿದ. ಗಡ್ಡದ ನಡುವೆ ನಗು ಮೂಡಿತು.

"ಸೆಂಟು?"

"ಹಾಕಿಲ್ಲ."

"ಸೊಳ್ಳೆ ಮುಲಾಮು?"

"ಕಚ್ಚಿಸ್ಕೊಂಡೇ ಬಂದಿದೀನಿ."

"ಕೈ ಕಾಲು ತೊಳ್ಕೊಂಡು ಒಳಗೆ ಬನ್ನಿ ಮೇಡಂ."

ಅವನೇ ನೀರು ಹುಯ್ದ. ಅದೇ ಚೊಂಬು.

ಒಳಗೆ ಅವಳು ಹೆದರುತ್ತಾ ಒಂದು ಹುಳ ಎತ್ತಿಕೊಂಡಳು. ಕಿಟಕಿಯ ಬೆಳಕಿಗೆ ಅದರ ಮೈ ಜೇನಿನ ಹಾಗೆ ಹೊಳೆಯುತ್ತಿತ್ತು. ಆ ತುದಿಯಲ್ಲಿ ಸುನಂದ, ಅಶ್ವತ್ಥಮ್ಮ, ಅಕ್ಕಪಕ್ಕದವರ ಗಲಾಟೆ. ಈ ತುದಿಯಲ್ಲಿ ಇಬ್ಬರೇ.

"ಹಣ್ಣು... ನೀವೇ ಇಡ್ತಿದ್ರಾ?"

"ತಿಂದ್ರಾ?"

"ಒಂದು ದಿನಾನೂ ಬಿಡದೆ. ಯಾರೋ ಸ್ಕೂಲ್ ಮಕ್ಕಳು ಅನ್ಕೊಂಡಿದ್ದೆ."

ವೆಂಕಟ್‌ನ ಕೈ ನಿಂತಿತು. "ಸ್ಕೂಲ್ ಮಕ್ಕಳಾ! ಅಲ್ರೀ... ಸೊಪ್ಪು ಕೊಯ್ಯೋಕೆ ಹೋದಾಗೆಲ್ಲ ಮರ ಹತ್ತಿ, ಮಾಗಿರೋದೇ ಹುಡುಕಿ... ನೀವು ತಿಂದು ಖಾಲಿ ಎಲೆ ಅಲ್ಲೇ ಬಿಡ್ತಿದ್ರಿ. ನನಗೆ ಉತ್ತರ ಸಿಕ್ತು ಅಂತ ನಾನು ಎಂಟು ದಿನ ಖುಷಿಯಾಗಿದ್ದೆ!"

"ನಾನು ಎಂಟು ದಿನ ಅತ್ತಿದ್ದೆ!"

"ಯಾಕೆ?"

"ಹೋಗಿ ಅಂತ ಕೈ ಮಾಡಿದ್ರಲ್ಲ!"

"ಮಾತಾಡಂಗಿರ್ಲಿಲ್ಲ. ನೀವು ನಿಂತಿದ್ರೆ ಮಾತಾಡ್ಬಿಡ್ತಿದ್ದೆ. ಅದಕ್ಕೇ ತಿರುಗ್ಕೊಂಡೆ."

ಶ್ರೀವಾಣಿಯ ಕಣ್ಣು ತುಂಬಿತು. ಒರೆಸಿಕೊಳ್ಳೋಣವೆಂದರೆ ಅಂಗೈಯಲ್ಲಿ ಹುಳ. ವೆಂಕಟ್ ತನ್ನ ಹೆಗಲ ಟವೆಲ್ಲಿನ ತುದಿಯಿಂದ ಒರೆಸಿದ. ಆ ತುದಿಯಲ್ಲಿ ಗಲಾಟೆ ತಟ್ಟನೆ ನಿಂತು, ಸುನಂದಳ ಕೆಮ್ಮು ಕೇಳಿಸಿತು.

"ಹೈದರಾಬಾದಿಗೆ... ಹೋಗ್ತೀರಾ?" ಅವನು ತಗ್ಗಿದ ದನಿಯಲ್ಲಿ ಕೇಳಿದ.

"ಹೋಗ್ಬೇಕು. ಆ ಲೇಖನ ತಪ್ಪು ವೆಂಕಟ್. ನಿಮ್ಮಪ್ಪ ಅಮ್ಮನಂಥವರನ್ನ ಒಲವಿಲ್ಲದವರು ಅಂತ ಬರೆದಿದೀನಿ. ಅವರು ಕರೆದಿರೋದೇ ಅದನ್ನ ನೋಡಿ. ಸುಮ್ಮನೆ ಹೋಗ್ದೇ ಇದ್ರೆ ತಪ್ಪು ಹಾಗೇ ಉಳಿಯುತ್ತೆ. ಅವರ ಮುಂದೇನೇ ನಿಂತು ಹೇಳ್ಬೇಕು."

"ಹೇಳಿದ್ರೆ ಕೆಲಸ ಕೊಡ್ತಾರಾ?"

"ಕೊಡಲ್ಲ ಅನ್ಸುತ್ತೆ."

"ಹೇಳ್ದಿದ್ರೆ?"

"ಕೊಡ್ತಾರೆ."

ವೆಂಕಟ್ ಬುದ್ಧಿ ಹೇಳಲಿಲ್ಲ. ಹೋಗು ಅನ್ನಲಿಲ್ಲ, ಇರು ಅನ್ನಲಿಲ್ಲ. ಇನ್ನೊಂದು ಹುಳ ಆಯ್ದು, ಅವಳ ಅಂಗೈಗಿಟ್ಟು ಹೇಳಿದ.

"ಇವತ್ತಿಂದ ಆರನೇ ದಿನ ಗೂಡು ಬಿಡಿಸ್ತೀವಿ."

ಈ ಸಲ ಅವಳಿಗೆ ಅರ್ಥವಾಯಿತು.

*

ಹೈದರಾಬಾದಿನ ಆ ಕೋಣೆಯಲ್ಲಿ ಐದು ಜನ ಕೂತಿದ್ದರು. ಶ್ರೀವಾಣಿ ತನ್ನ ಲೇಖನ ಮುಂದಿಟ್ಟು, ಅದರಲ್ಲಿ ಎಲ್ಲಿ ಎಡವಿದೆ ಎಂದು ಒಂದೊಂದಾಗಿ ಹೇಳಿದಳು. ಬೇರೆ ಮಲಗಿದ್ದನ್ನು ಎಣಿಸಿದೆ, ಯಾಕೆ ಎಂದು ಕೇಳಲಿಲ್ಲ. ಎಣಿಸಿದ್ದು ಹುಳ ಇಟ್ಟ ತಿಂಗಳು ಎಂಬುದೂ ಗೊತ್ತಿರಲಿಲ್ಲ. ಕಿಟಕಿಯಲ್ಲಿದ್ದ ಹಣ್ಣನ್ನು ನನ್ನ ಪಟ್ಟಿ ನೋಡಲೇ ಇಲ್ಲ.

ನಡುವೆ ಕೂತಿದ್ದ ಹಿರಿಯರು ಕನ್ನಡಕ ತೆಗೆದರು. "ನಿಮ್ಮ ಹೆಸರು ನಿಂತಿರೋದೇ ಈ ಲೇಖನದ ಮೇಲಲ್ಲವೇ?"

"ಹೌದು ಸರ್. ಅದಕ್ಕೇ ನಾನೇ ಹೇಳ್ಬೇಕಾಯ್ತು."

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಕೂತಲ್ಲೇ, ಲೇಖನ ಅಚ್ಚಾಗಿದ್ದ ಪತ್ರಿಕೆಗೂ ತಿದ್ದುಪಡಿ ಬರೆದು ಕಳಿಸಿದಳು. ಎರಡು ದಿನ ಕಾದ ಮೇಲೆ ಉತ್ತರ ಬಂತು. ಹುದ್ದೆ ಬೇರೊಬ್ಬರಿಗೆ.

ಏಳು ವರ್ಷದ ಕನಸು! ದುಃಖವಾಗಲಿಲ್ಲ ಎಂದರೆ ಸುಳ್ಳು. ರೈಲಿನ ಕಿಟಕಿಗೆ ಹಣೆ ಒತ್ತಿ ಕೂತು ಅಮ್ಮನಿಗೆ ಫೋನು ಮಾಡಿದಳು. ಎಲ್ಲವನ್ನೂ ಹೇಳಿದಳು. ವೆಂಕಟ್‌ನ ವಿಷಯವನ್ನೂ.

ತುಳಸಮ್ಮನ ಕಿವಿಗೆ ಹುದ್ದೆಯ ಮಾತು ಬೀಳಲೇ ಇಲ್ಲ.

"ಒಕ್ಕಲು ಮನೇನಾ? ಅದೂ ಹುಳ ಸಾಕೋರಾ? ಏಮಿಟೇ ವಾಣಿ ಇದಿ, ಏನೇ ಇದು! ಆ ಹುಳ ಎಲ್ಲ ಕೊನೆಗೆ ಬಿಸಿನೀರಿಗೆ ಹೋಗ್ತವಲ್ಲೇ, ಪಾಪ ಅಲ್ವೇನೇ?"

"ಅಮ್ಮ, ನೀನು ಮಡೀಲಿ ಉಡೋ ಸೀರೆ ಯಾವುದು?"

ತುಳಸಮ್ಮ ಮಾತು ತಿರುಗಿಸಿದರು.

"...ಹುಡ್ಗ ನಿನ್ನ ಓದು ಕೇಳಿ ಏನಂದ?"

"ಕೇಳ್ದೇ ಇರೋದನ್ನ ಜನ ಹೇಳ್ತಾರಾ ಅಂದ."

"ಅಂದ್ರೆ?"

"ನನಗೂ ಈಗ ತಾನೇ ಅರ್ಥ ಆಗ್ತಿದೆ ಅಮ್ಮ."

ತುಳಸಮ್ಮ ನಿಟ್ಟುಸಿರು ಬಿಟ್ಟರು. "ಅಪ್ಪನಿಗೆ ಈಗ್ಲೇ ಏನೂ ಹೇಳ್ಬೇಡ. ನಾನು ನಿಧಾನಕ್ಕೆ ಹೇಳ್ತೀನಿ. ಮೊದ್ಲು ಊಟ ಮಾಡು."

*

ಆರನೇ ದಿನ. ಕೋಲಾರದಿಂದ ಬಂದ ಬಸ್ಸು ಸುಗಟೂರಿನಲ್ಲಿ ನಿಂತಿತು.

ಶ್ರೀವಾಣಿ ಇಳಿದು ಸುತ್ತ ನೋಡಿದಳು. ವೆಂಕಟ್ ಬಂದಿರಲಿಲ್ಲ. ಮರೆತನಾ? ಮನೆಯವರು ಬೇಡ ಅಂದ್ರಾ? ಅಥವಾ ಈ ಸಲವೂ ನಾನೇ ತಪ್ಪು ತಿಳ್ಕೊಂಡ್ನಾ?

ಹೊಂಗೆಮರದ ಕೆಳಗೆ ಅವಳ ಸ್ಕೂಟಿ ಬಿಟ್ಟುಹೋದ ಹಾಗೇ ನಿಂತಿತ್ತು. ಹತ್ತಿರ ಹೋದಳು.

ಸೀಟಿನ ಮೇಲೆ ಎರಡು ಎಲೆ. ತೊಟ್ಟು ಒಳಗೆ ಸಿಕ್ಕಿಸಿತ್ತು. ಬಿಡಿಸಿ ನೋಡಿದರೆ ಹಣ್ಣಲ್ಲ. ಒಂದೇ ಒಂದು ಗೂಡು. ಬೆಳ್ಳಗೆ, ಹಗುರವಾಗಿ, ಇನ್ನೂ ಬೆಚ್ಚಗಿತ್ತು.

ಅವಳು ಓಡಿದಳು. ಡೇರಿಯ ಮುಂದೆ ಹಾಲು ಹಾಕಲು ನಿಂತಿದ್ದವರೆಲ್ಲ ನೋಡುತ್ತಿದ್ದರು. ನೋಡಲಿ!

ಹುಳದ ಮನೆಯ ಬಲೆ ತೆಗೆದಿತ್ತು. ವೆಂಕಟ್ ಚಂದ್ರಿಕೆಯ ಮುಂದೆ ಕೂತು ಗೂಡು ಬಿಡಿಸುತ್ತಿದ್ದ. ಗಡ್ಡ ತೆಗೆದು, ಹೊಸ ಅಂಗಿ ಹಾಕಿಕೊಂಡಿದ್ದ. ಅವಳನ್ನು ಕಂಡು ಎದ್ದು ನಿಂತ.

"ಬಸ್ಸಿನ ಹತ್ರ ಬರೋಣ ಅಂತಿದ್ದೆ. ಸೀಟಿನ ಮೇಲೆ ಅದೊಂದು ಇಟ್ಟು ಬರೋ ಅಷ್ಟರಲ್ಲಿ ಅಪ್ಪ, ಇನ್ನು ಗೂಡು ಬಿಟ್ಟು ಏಳ್ಬೇಡ ಅಂದ್ರು. ಕೆಲಸ...?"

"ಸಿಗ್ಲಿಲ್ಲ."

ಅವನ ಮುಖ ಸಣ್ಣದಾಯಿತು. "ನನ್ನಿಂದ..."

"ನಿಮ್ಮಿಂದ ಅಲ್ಲ. ನಿಜದಿಂದ. ಬೆಂಗಳೂರಿನ ಪಾಠ ಇದ್ದೇ ಇದೆ. ಎಂಬತ್ತಾರು ಮನೆಗೂ ಮತ್ತೆ ಹೋಗ್ತೀನಿ. ಈ ಸಲ ಯಾಕೆ ಅಂತ ಕೇಳ್ತೀನಿ." ಅವಳು ಏದುಸಿರು ಬಿಡುತ್ತಾ ಅವನ ಎದುರಿಗೆ ಕೂತಳು. "ಬೆಳೆ ಮುಗೀತಲ್ಲ. ಈಗ ಬಾಯಿ ಬಿಟ್ಟು ಹೇಳಿ. ಹುಳದ ಮಾತಲ್ಲಿ ಬೇಡ. ನನಗೆ ಅರ್ಥ ಆಗೋ ಹಾಗೆ."

ವೆಂಕಟ್ ಒಂದು ಗೂಡನ್ನು ಬೆರಳಲ್ಲಿ ತಿರುಗಿಸುತ್ತಾ ಕೂತ. ಕಿವಿ ಕೆಂಪಗಾಯಿತು.

"ನೀವು ಅಂದ್ರೆ ನನಗೆ ಇಷ್ಟ. ಕೈಗೆ ನೀರು ಹುಯ್ದ ದಿನದಿಂದ. ಮುಳಬಾಗಿಲಿಗೆ ಬಂದು ನಿಮ್ಮಪ್ಪನ್ನ ಕೇಳ್ತೀನಿ. ಬಯ್ದ್ರೆ ಬಯ್ಸ್ಕೋತೀನಿ. ಮತ್ತೆ ಹೋಗ್ತೀನಿ."

ಶ್ರೀವಾಣಿ ಮುಖ ಮುಚ್ಚಿಕೊಂಡಳು. ಬೆರಳ ಸಂದಿಯಿಂದಲೇ ಕೇಳಿದಳು.

"ಒಂದು ಪ್ರಶ್ನೆ. ನಮ್ಮ ಮನೇಲಿ... ಎಷ್ಟು ದಿನ ಬೇರೆ ಮಲಗ್ಬೇಕು?"

"ಬೆಳೆಗೆ ಹದಿನೆಂಟು ದಿನ."

"ಯಾಕೆ?"

"ಹುಳ ಮುನಿಸ್ಕೊಳ್ತದೆ."

"ನಾನು ಮುನಿಸ್ಕೊಂಡ್ರೆ?"

"ಹಣ್ಣು ಇಡ್ತೀನಿ."

"ದಿನಾ?"

"ದಿನಾ, ವಾಣಿ."

ಮೊದಲ ಸಲ ಆ ಹೆಸರು ಅವನ ಬಾಯಲ್ಲಿ ಬಂತು. ಅವಳು ಕೈ ತೆಗೆದು, ಚಂದ್ರಿಕೆಯಿಂದ ಒಂದು ಗೂಡು ಬಿಡಿಸಿ, ಅವನ ಬುಟ್ಟಿಗೆ ಹಾಕಿದಳು.